ಅಕ್ಕಿ ತುಂಬೈತೆ

ಮೊನ್ನೆ ಬೆಳಿಗ್ಗೆ ಅಕ್ಕಿ ಡ್ರಮ್ಮಿನ ಮುಚ್ಚಳ ತೆಗೆದೆ. ಒಣಗಿದ ಬೇವಿನೆಲೆಯ ಕಹಿ, ತಳದಲ್ಲಿ ಉಳಿದ ತೌಡಿನ ಮುಗ್ಗಲು, ಎರಡೂ ಸೇರಿ ಮೂಗಿಗೆ ಬಡಿದವು. ಡ್ರಮ್ಮನ್ನು ತೊಳೆದು ಬಾಲ್ಕನಿಯ ಬಿಸಿಲಿಗೆ ಇಡಬೇಕೆಂದು ಹೆಂಡತಿಯ ಅಪ್ಪಣೆಯಾಗಿತ್ತು. ಏಕೆಂದರೆ ಮತ್ತೆ ಸುದ್ದಿ ಬಂದಿದೆ. ಎಲ್ಲೋ ಸಮುದ್ರದಲ್ಲಿ ಹಡಗುಗಳು ನಿಂತಿವೆಯಂತೆ, ಅಡುಗೆ ಎಣ್ಣೆ ಸಿಗುವುದಿಲ್ಲವಂತೆ, ಗ್ಯಾಸು ತಡವಾಗುತ್ತದಂತೆ, ಲಾರಿಯವರು ಮುಷ್ಕರ ಹೂಡುತ್ತಾರಂತೆ. ಇದರಲ್ಲಿ ಯಾವುದು ನಿಜ, ಯಾವುದು ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲೇ ಹುಟ್ಟಿದ್ದು ಎಂದು ಬಿಡಿಸಿ ನೋಡುವ ತ್ರಾಣ ನನಗಿಲ್ಲ. ಮೂರನೇ ಮಹಡಿಯವರು ಆಗಲೇ ಯಶವಂತಪುರದ ದಿನಸಿ ಯಾರ್ಡಿಗೆ ಹೋಗಿ ಬಂದರು. ಅವರ ಚೀಲಗಳು ಲಿಫ್ಟಿನಲ್ಲಿ ಏರುವುದನ್ನು ಕೆಳಗೆ ನಿಂತವರೆಲ್ಲ ನೋಡಿದರು. ಅದಾದ ಅರ್ಧ ಗಂಟೆಗೆ ನಮ್ಮ ಮನೆಯಲ್ಲಿ ಪಟ್ಟಿ ಬರೆಯುವ ಕೆಲಸ ಶುರುವಾಯಿತು.

ನಾನು ಮೂವತ್ತು ವರ್ಷ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸ ಮಾಡಿದವನು. ಏನು ಎಷ್ಟಿದೆ, ಎಷ್ಟು ದಿನಕ್ಕೆ ಬರುತ್ತದೆ, ಯಾವಾಗ ತರಿಸಬೇಕು, ಇದೇ ನನ್ನ ವಿದ್ಯೆ. ಆದ್ದರಿಂದ ಇಂಥ ಹೊತ್ತಿನಲ್ಲಿ ನಾನು ಉತ್ಸಾಹದಿಂದ ಎದ್ದು ನಿಲ್ಲಬೇಕು ಎಂದು ಹೆಂಡತಿಯ ನಿರೀಕ್ಷೆ. ಆದರೆ ಈ ಸಲ ಪೆನ್ನು ಹಿಡಿದು ಕುಳಿತರೆ ಕೈ ಏಳಲಿಲ್ಲ. ಸುಸ್ತು. ವಯಸ್ಸಿನ ಸುಸ್ತು ಬೇರೆ, ಅದು ನನಗೆ ಚೆನ್ನಾಗಿ ಗೊತ್ತು. ಇದು ಹುಣಸಮಾರನಹಳ್ಳಿಯ ನಮ್ಮ ಅತ್ತಿಗೆಗೆ ಸಂಬಂಧಪಟ್ಟದ್ದು.

ಹೇಳುತ್ತೇನೆ, ಸ್ವಲ್ಪ ಸುತ್ತಿ ಬರಬೇಕು.

ಲಾಕ್‌ಡೌನಿನ ದಿನಗಳು ನಿಮಗೂ ನೆನಪಿರಬೇಕು. ಟಿವಿಯಲ್ಲಿ ಸುದ್ದಿ ಬರುವುದಕ್ಕೆ ಒಂದು ವಾರ ಮೊದಲೇ ನಾನು ವಾಸನೆ ಹಿಡಿದಿದ್ದೆ. ಕೊಡಿಗೇಹಳ್ಳಿಯ ನಮ್ಮ ಎರಡು ಕೋಣೆಯ ಮನೆಗೆ ನಾಲ್ಕು ಚೀಲ ಸೋನಾಮಸೂರಿ ಬಂತು. ತೊಗರಿಬೇಳೆ, ಕಡಲೆಬೇಳೆ, ರವೆ, ಬೆಲ್ಲ, ವರ್ಷಕ್ಕಾಗುವಷ್ಟು ಹುಣಸೆಹಣ್ಣು. ಸಾಸಿವೆ ಎರಡು ಕೆಜಿ ತಂದೆ. ದಿನಕ್ಕೆ ಒಂದು ಚಮಚ ಸಾಸಿವೆ ಸಿಡಿಸುವ ಮನೆಗೆ ಎರಡು ಕೆಜಿ ಏಕೆ ಎಂದು ಹೆಂಡತಿ ಕೇಳಿದ್ದಕ್ಕೆ, "ಸಾಸಿವೆ ನಿಂತುಹೋದರೆ ಗೊತ್ತಾಗತ್ತೆ ನಿಂಗೆ" ಎಂದಿದ್ದೆ. ಆ ಸಾಸಿವೆ ಇನ್ನೂ ಇದೆ. ಉಪ್ಪಿನ ಪೊಟ್ಟಣಗಳನ್ನು ಮಂಚದ ಕೆಳಗೆ ಜೋಡಿಸಿದೆ. ಎಣ್ಣೆಯ ಡಬ್ಬಗಳು ದೇವರ ಮನೆಯವರೆಗೂ ಬಂದವು. ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಬೆಳಿಗ್ಗೆ ಕಾಫಿ ಕುಡಿಯುತ್ತ ಓದುತ್ತಿದ್ದೆ. ಹೆಂಡತಿ ನಗುತ್ತಿದ್ದಳು. ನನಗಂತೂ ಹೊಟ್ಟೆ ತಣ್ಣಗಿತ್ತು.

ಅತ್ತಿಗೆ ಎಂದರೆ ನಮ್ಮಣ್ಣನ ಹೆಂಡತಿ. ಆಕೆ ಮದುವೆಯಾಗಿ ನಮ್ಮ ಮನೆಗೆ ಬಂದಾಗ ನಾನು ಮಿಡ್ಲ್ ಸ್ಕೂಲಿನ ಹುಡುಗ. ನನ್ನನ್ನು ಸಾಕಿದ್ದು ಅಮ್ಮನಾದರೂ, ಉಣ್ಣಲು ಇಟ್ಟಿದ್ದು ಅತ್ತಿಗೆ. ಕಾಲೇಜು ಮುಗಿಸಿ, ಯಲಹಂಕದಲ್ಲಿ ಬಸ್ಸು ತಪ್ಪಿಸಿಕೊಂಡು, ಮೂರು ಗಂಟೆಗೆ ಮನೆ ಸೇರಿದರೂ ಮುದ್ದೆ ಬಿಸಿಯಾಗಿಯೇ ಇರುತ್ತಿತ್ತು. ಅದು ಹೇಗೆ ಎಂದು ನಾನು ಒಂದು ದಿನವೂ ಕೇಳಲಿಲ್ಲ. ಬಡಿಸಿ ಎದುರಿಗೆ ಕುಳಿತು, "ಇನ್ನೊಂದು ಸೌಟು ಆಕ್ಲಾ?" ಎನ್ನುತ್ತಿದ್ದರು. ಬೇಡ ಎಂದರೂ ಹಾಕುತ್ತಿದ್ದರು. ಆಮೇಲೆ ವಿಮಾನ ನಿಲ್ದಾಣ ಬಂತು, ಏರ್‌ಪೋರ್ಟ್ ರಸ್ತೆಯ ಪಕ್ಕದ ಹೊಲಗಳೆಲ್ಲ ಬಡಾವಣೆಗಳಾದವು. ನಮ್ಮ ರಾಗಿ ಹೊಲವೂ ಹೋಯಿತು. ಅಣ್ಣನೂ ಹೋದ. ಅವನ ಮಗ ಮಂಜ ಟ್ಯಾಕ್ಸಿ ಓಡಿಸತೊಡಗಿದ.

ಲಾಕ್‌ಡೌನ್ ಶುರುವಾದಾಗ ಮಂಜ ಊರಲ್ಲಿರಲಿಲ್ಲ. ಯಾರನ್ನೋ ಗೋವಾಕ್ಕೆ ಬಿಡಲು ಹೋಗಿದ್ದವನು ಅಲ್ಲೇ ಸಿಕ್ಕಿಹಾಕಿಕೊಂಡ. ಇಲ್ಲಿ ಮನೆಯಲ್ಲಿ ಅತ್ತಿಗೆ ಮತ್ತು ಮಂಜನ ಹೆಂಡತಿ ಶಿಲ್ಪ. ಶಿಲ್ಪಳಿಗೆ ಆಗ ಐದು ತಿಂಗಳು. ರೇಷನ್ ಕಾರ್ಡು ಅಣ್ಣ ಜಮೀನು ಮಾರಿದ ಕಾಲಕ್ಕೇ ರದ್ದಾಗಿತ್ತು. ಇಷ್ಟೆಲ್ಲ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ಅನುಕೂಲವೂ ನನಗಿಲ್ಲ.

ಒಂದು ದಿನ ಬೆಳಿಗ್ಗೆ ಕಾಫಿ ಮುಗಿಸಿ ಫೋನು ಮಾಡಿದೆ.

"ಅತ್ತಿಗೆ, ಹೇಗಿದ್ದೀರಿ? ಶಿಲ್ಪ ಹುಷಾರಾಗಿದ್ದಾಳಾ?"

"ಇದ್ದೀವಿ ಕಣಪ್ಪ. ನೀನೆಂಗಿದ್ದೀಯ? ಆಚೆಗೀಚೆ ಓಗ್ಬೇಡ, ಸಕ್ಕರೆ ಕಾಯಿಲೆ ಇರೋನು."

"ಇಲ್ಲ ಇಲ್ಲ, ಮನೇಲೇ ಇದ್ದೀನಿ. ಅಕ್ಕಿಗಿಕ್ಕಿ ಎಲ್ಲಾ ಇದ್ಯಾ?"

ಪಾತ್ರೆಯೊಂದನ್ನು ಕೆಳಗಿಟ್ಟ ಸದ್ದು ಕೇಳಿಸಿತು. ಆಮೇಲೆ, "ಅಕ್ಕಿ ತುಂಬೈತೆ ಕಣಪ್ಪ. ಬೇಳೆನೂ ತುಂಬೈತೆ" ಎಂದರು.

"ಸದ್ಯ! ಒಳ್ಳೇದಾಯ್ತು" ಎಂದೆ. ಅತ್ತಿಗೆ "ಊ" ಎಂದರು. ನಾನು ಫೋನಿಟ್ಟೆ. ಹೆಂಡತಿ ಅಡುಗೆಮನೆಯಿಂದಲೇ, "ಏನಂದ್ರು ಅಕ್ಕ?" ಎಂದು ಕೇಳಿದಳು. "ಅವರಿಗೇನೇ, ಹಳ್ಳಿಯವರು. ಎಲ್ಲಾ ಬೇಕಾದಷ್ಟು ಇಟ್ಕೊಂಡಿದ್ದಾರೆ" ಎಂದೆ. ಅತ್ತಿಗೆ ಅಂದ ಮಾತನ್ನು ಅಂದಂತೆಯೇ ಹೇಳಿದ್ದರೆ ನನ್ನ ಹೆಂಡತಿ ಅಲ್ಲೇ ಸೌಟು ಬಿಟ್ಟು ಓಡಿಬರುತ್ತಿದ್ದಳು. ನಾನು ನನ್ನ ಮಾತಿನಲ್ಲಿ ಹೇಳಿದೆ.

ಇದೇ ಮಾತುಕತೆ ಮುಂದಿನ ವಾರವೂ ಆಯಿತು, ಅದರ ಮುಂದಿನ ವಾರವೂ ಆಯಿತು. ಒಂದು ಸಲ ನಾನು ಕೇಳದಿದ್ದರೂ ಅತ್ತಿಗೆ, "ಅಕ್ಕಿ ತುಂಬಿ ನಾಕು ದಿನ ಆಯ್ತಪ್ಪ" ಎಂದು ತಾವಾಗಿಯೇ ಹೇಳಿದರು. ಆಗಲಾದರೂ ನನ್ನ ತಲೆ ಓಡಬೇಕಿತ್ತು. ಅಂಗಡಿ ಬಾಗಿಲು ಹಾಕಿರುವಾಗ ಅಕ್ಕಿ ತುಂಬುವುದು ಹೇಗೆ? ನಾನು, "ಬಹಳ ಸಂತೋಷ" ಎಂದೆ. ಸ್ಟೋರ್‌ಕೀಪರ್!

ಈ ಮಾತಿನ ಅರ್ಥ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ನಮ್ಮ ಕಡೆಯ ಮನೆಗಳಲ್ಲಿ ಅಕ್ಕಿ, ಬೇಳೆ, ಉಪ್ಪು, ಅರಿಸಿನ ಮುಗಿದರೆ "ಇಲ್ಲ", "ಖಾಲಿ" ಎನ್ನುವಂತಿಲ್ಲ. ಅಂದರೆ ಮನೆಗೆ ಆಗಿಬರುವುದಿಲ್ಲ. ಮುಗಿದದ್ದಕ್ಕೆ "ತುಂಬಿದೆ" ಎನ್ನಬೇಕು. ದೀಪ ಆರಿಸು ಎನ್ನಬಾರದು, ದೊಡ್ಡದು ಮಾಡು ಎನ್ನಬೇಕು. ಬಳೆ ಒಡೆದರೆ ಹೆಚ್ಚಿತು ಎನ್ನಬೇಕು. ಹೊರಟವರು ಹೋಗ್ತೀನಿ ಎನ್ನಬಾರದು, ಬರ್ತೀನಿ ಎನ್ನಬೇಕು. ಕಾರ್ಖಾನೆಯಲ್ಲಿ ನಾನು ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ "ನಿಲ್" ಎಂದು ಬರೆಯುತ್ತಿದ್ದ ಕಡೆ ನಮ್ಮಮ್ಮನಾಗಿದ್ದರೆ "ತುಂಬಿದೆ" ಎಂದೇ ಬರೆಸುತ್ತಿದ್ದಳು. ಅತ್ತಿಗೆ ಇದನ್ನು ಕಲಿತದ್ದು ನಮ್ಮಮ್ಮನಿಂದಲೇ. ಬಂದ ಹೊಸದರಲ್ಲಿ ಒಮ್ಮೆ ಬಾಯಿತಪ್ಪಿ "ಉಪ್ಪು ಇಲ್ಲ ಅತ್ತೆ" ಎಂದುಬಿಟ್ಟಿದ್ದರಂತೆ. ಅಮ್ಮ ಆ ದಿನವೆಲ್ಲ ಮುಖ ಊದಿಸಿಕೊಂಡಿದ್ದಳು. ಅದಾದ ಮೇಲೆ ಆ ಬಾಯಲ್ಲಿ ಅಂಥ ಮಾತು ಬಂದದ್ದನ್ನು ಯಾರೂ ಕೇಳಿಲ್ಲ.

ಲಾಕ್‌ಡೌನ್ ಸ್ವಲ್ಪ ಸಡಿಲವಾದ ಮೇಲೆ ಒಂದು ದಿನ ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಹುಣಸಮಾರನಹಳ್ಳಿಗೆ ಹೋದೆ. ಅಂಗಳದಲ್ಲಿ ಅಡುಗೆಮನೆಯ ಡಬ್ಬಗಳನ್ನೆಲ್ಲ ತೊಳೆದು, ಸಾಲಾಗಿ ಬೋರಲು ಹಾಕಿದ್ದರು. ಶಿಲ್ಪ ಜಗಲಿಯ ಮೇಲೆ ನುಗ್ಗೆಸೊಪ್ಪು ಬಿಡಿಸುತ್ತಿದ್ದಳು. ಅವಳ ಹೊಟ್ಟೆ ಮುಂದೆ ಬಂದಿತ್ತು, ಕೆನ್ನೆಗಳು ಒಳಗೆ ಹೋಗಿದ್ದವು. ಅತ್ತಿಗೆಯ ರವಿಕೆ ತೋಳಿನಲ್ಲಿ ಸಡಿಲವಾಗಿ ನೇತಾಡುತ್ತಿತ್ತು. ನಾನು ಕಂಡದ್ದನ್ನು ಕಂಡಂತೆ ತಿಳಿಯುವವನಲ್ಲ. ತಮಾಷೆ ಮಾಡಿದೆ.

"ಏನತ್ತಿಗೆ, ಅಕ್ಕಿ ತುಂಬಿದೆ ಅಂತೀರಿ, ಡಬ್ಬ ನೋಡಿದ್ರೆ ಬಿಸಿಲು ಕಾಯ್ತಾ ಇದೆ?"

ಸೊಪ್ಪು ಬಿಡಿಸುತ್ತಿದ್ದ ಶಿಲ್ಪಳ ಕೈ ನಿಂತಿತು.

"ತುಂಬೈತೆ ತುಂಬೈತೆ ಅಂತ ಅತ್ತೆ ನಿಮಗೆ ಎಷ್ಟು ಸಲ ಏಳಿದ್ರು ಮಾವ" ಎಂದಳು. ಜೋರಾಗಿ ಹೇಳಲಿಲ್ಲ. "ತುಂಬೈತೆ ಅಂದ್ಮೇಲೂ ನಮ್ಮೋರೇ ಸಂತೋಷ ಅಂತಾರಲ್ಲ, ಅಂತ ಅವತ್ತು ಫೋನಿಟ್ಟು ಅತ್ತೆ ಅತ್ತುಬಿಟ್ರು."

"ಲೇ, ಸುಮ್ನಿರು" ಎಂದು ಅತ್ತಿಗೆ ಗದರಿದರು.

ಆಗ ನನಗೆ ಅರ್ಥವಾಯಿತು. ಆರು ವಾರ ಅವರು ಪಕ್ಕದ ಮನೆಯವರು ಕೊಟ್ಟ ರಾಗಿ ಹಿಟ್ಟಿನಲ್ಲಿ ಕಳೆದಿದ್ದರು. ಇದ್ದ ಹಿಟ್ಟಿಗೆ ಮುದ್ದೆ ಕಟ್ಟಿ ಬಸುರಿಗೆ ಇಟ್ಟು, ಪಾತ್ರೆ ತೊಳೆದ ನೀರಿಗೆ ಒಂದು ಚಿಟಿಕೆ ಹಿಟ್ಟು ಕದಡಿ ಅತ್ತಿಗೆ ಕುಡಿಯುತ್ತಿದ್ದರಂತೆ. ಬೇರೆಯವರ ಹತ್ತಿರ ಬಾಯಿಬಿಟ್ಟು ಕೇಳಿದವರಲ್ಲ. ನನ್ನ ಹತ್ತಿರ ಕೇಳಿದ್ದರು. ತಮಗೆ ಬರುವ ಮಾತಿನಲ್ಲಿ, ತಮ್ಮ ಮನೆಯ ಮಾತು ಗೊತ್ತಿರುವ ಮನುಷ್ಯ ಎಂದು ನಂಬಿ, ಮತ್ತೆ ಮತ್ತೆ ಕೇಳಿದ್ದರು. ಅದೇ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಅಕ್ಕಿಗೆ ಹುಳ ಹಿಡಿದು, ಹೆಂಡತಿ ಅದನ್ನು ಟೆರೇಸಿನ ಮೇಲೆ ಹರಡುತ್ತಿದ್ದಳು.

ನಾನು ಏನೇನೋ ತೊದಲಿದೆ. ಅತ್ತಿಗೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ, "ನಿನ್ನ ತಪ್ಪೇನೈತೆ ಬಿಡಪ್ಪ. ನೀವು ಪ್ಯಾಟೆ ಸೇರಿದೋರು. ನಾನೇ ಬಿಡಿಸಿ ಏಳ್ಬೇಕಿತ್ತು" ಎಂದರು. ಬೈದಿದ್ದರೆ ನಾನು ಊಟ ಮಾಡಿ ಮಲಗಬಹುದಿತ್ತು.

ಮಾರನೆಯ ದಿನವೇ ಚೀಲ ಒಯ್ದು ಕೊಟ್ಟೆ. ಯಾವ ಚೀಲ ಒಯ್ದೆ ಎಂದು ಮಾತ್ರ ಕೇಳಬೇಡಿ. ಕೈಗೆ ಸಿಕ್ಕಿದ್ದು ಒಯ್ದೆ ಎಂದು ಹೆಂಡತಿಗೆ ಹೇಳಿದ್ದೇನೆ. ಅತ್ತಿಗೆ ಅದನ್ನು ಮೊರದಲ್ಲಿ ಹಾಕಿಕೊಂಡು, ಒಂದೊಂದೇ ಹುಳ ಆರಿಸುತ್ತ, "ಒಳ್ಳೆ ಅಕ್ಕಿ ಕಣಪ್ಪ, ಹಳೇದು, ಅನ್ನ ಉದುರುದುರಾಗ್ತದೆ" ಎಂದರು.

ಇಷ್ಟು ವರ್ಷ ಯಾರು ಕೇಳಿದರೂ "ಆ ಮಾತು ಮರೆತೇಹೋಗಿತ್ತು" ಎಂದೇ ಹೇಳುತ್ತ ಬಂದಿದ್ದೇನೆ. ನಿಮಗೆ ನಿಜ ಹೇಳಬೇಕು. ಚಿಕ್ಕಂದಿನಲ್ಲಿ "ಸಕ್ಕರೆ ತುಂಬೈತೆ, ಶೆಟ್ಟರ ಅಂಗಡಿಗೆ ಓಗಿ ಬಾ" ಎಂದು ಅಮ್ಮ ನನ್ನನ್ನು ನೂರು ಸಲ ಕಳಿಸಿದ್ದಾಳೆ. ಅಂಥದನ್ನು ಮರೆಯುವುದು ಹೇಗೆ? ಆ ಬೆಳಿಗ್ಗೆ ಫೋನಿನಲ್ಲಿ ಅತ್ತಿಗೆ ಹಾಗೆಂದಾಗ ಮನಸ್ಸಿನ ಮೂಲೆಯಲ್ಲಿ ಏನೋ ಚುರುಕ್ ಎಂದಿತ್ತು. ಎಂದಿತ್ತೇ? ಅಥವಾ ಆಮೇಲೆ ನಾನೇ ಸೇರಿಸಿಕೊಂಡೆನೇ? ದಾರಿಯಲ್ಲಿ ಪೊಲೀಸರ ಬ್ಯಾರಿಕೇಡ್, ನನಗೆ ಸಕ್ಕರೆ ಕಾಯಿಲೆ, ಸಾವಿನ ಭಯ, ಹೊಸದಾಗಿ ಜೋಡಿಸಿಟ್ಟ ಚೀಲಗಳ ಮೇಲಿನ ಮೋಹ. ಒಂದೇ ಮಾತಿಗೆ ಎರಡು ಅರ್ಥವಿರುವಾಗ ನಾನು ನನಗೆ ಬೇಕಾದ ಅರ್ಥ ತೆಗೆದುಕೊಂಡೆ. ಇದನ್ನು ತಿರುಗಿಸಿ ತಿರುಗಿಸಿ ನೋಡಿ ನನಗೆ ಸಾಕಾಗಿದೆ. ನಾಚಿಕೆ ಹಳೆಯದಾದರೂ ಹೋಗುವುದಿಲ್ಲ, ಬರೀ ದಣಿಸುತ್ತದೆ.

ಶಿಲ್ಪಳಿಗೆ ಗಂಡುಮಗುವಾಯಿತು. ತೂಕ ಕಡಿಮೆಯಿತ್ತು, ಆಮೇಲೆ ಸರಿಹೋಯಿತು. ಈಗ ಶಾಲೆಗೆ ಹೋಗುತ್ತಾನೆ. ಮಂಜ ಅದೇ ಕಾರು ಓಡಿಸುತ್ತಾನೆ. ಹಬ್ಬಕ್ಕೆ ಹೋದರೆ ಅತ್ತಿಗೆ ಈಗಲೂ ಎದುರಿಗೆ ಕುಳಿತು ಇನ್ನೊಂದು ಸೌಟು ಹಾಕುತ್ತಾರೆ. ಆ ಆರು ವಾರಗಳ ಮಾತು ಅವರು ಎತ್ತುವುದಿಲ್ಲ. ನಾನೂ ಎತ್ತುವುದಿಲ್ಲ.

ಮೊನ್ನೆ ಹೆಂಡತಿ ಪಟ್ಟಿ ಮುಗಿಸಿ, "ಅಕ್ಕನಿಗೂ ಕೇಳ್ರೀ, ಒಟ್ಟಿಗೆ ತಂದುಬಿಡೋಣ" ಎಂದಳು. ಫೋನು ಮಾಡಿದೆ. ಮಂಜ ಬಾಡಿಗೆಗೆ ಹೋಗಿದ್ದಾನೆ, ವಾರದ ನಂತರ ಬರುತ್ತಾನೆ ಎಂದರು.

"ಅತ್ತಿಗೆ, ಮತ್ತೆ ಅದೇನೋ ಸಾಮಾನು ಸಿಗಲ್ಲ ಅಂತಿದ್ದಾರೆ. ಅಕ್ಕಿ ಇದ್ಯಾ?"

ಆ ಕಡೆ ಮಿಕ್ಸಿ ತಿರುಗುತ್ತಿದ್ದುದು ನಿಂತದ್ದು ಕೇಳಿಸಿತು.

"ಅಕ್ಕಿ..." ಎಂದು ತಡೆದರು. ಆಮೇಲೆ ಒಂದೇ ಉಸಿರಿಗೆ, "ಅಕ್ಕಿ ಇಲ್ಲ ಕಣಪ್ಪ. ಒಂದು ಕಾಳೂ ಇಲ್ಲ" ಎಂದರು.

ಹಿಂದಿನಿಂದ ಶಿಲ್ಪಳ ದನಿ ಗಾಬರಿಯಿಂದ ಬಂತು. "ಅಯ್ಯೋ ಅತ್ತೇ! ಏನ್ ಮಾತು ಅಂತ ಆಡ್ತೀರಾ, ಹೊಸಲಲ್ಲಿ ನಿಂತ್ಕೊಂಡು?"

ಅತ್ತಿಗೆ ಫೋನಿಗೆ ಕೈ ಅಡ್ಡ ಹಿಡಿದರು. ಸರಿಯಾಗಿ ಹಿಡಿದಿರಲಿಲ್ಲ. ಮೆಲ್ಲಗೆ, ನನ್ನನ್ನು ಬಿಟ್ಟುಕೊಡದ ದನಿಯಲ್ಲಿ ಅವರು ಸೊಸೆಗೆ ಹೇಳಿದ್ದು ನನಗೆ ಕೇಳಿಸಿತು.

"ಸುಮ್ನಿರಮ್ಮ. ಅವನಿಗೆ ಇಂಗೆ ಏಳಿದ್ರೇನೇ ಅರ್ಥ ಆಗೋದು."

"ಬಂದೆ ಅತ್ತಿಗೆ" ಎಂದೆ. ಪಟ್ಟಿಯ ಮೇಲ್ಗಡೆ ಅತ್ತಿಗೆಯ ಅಕ್ಕಿ ಬರೆದು ಎದ್ದೆ.