ಪ್ರಭುದೇವನ ಗಿಟಾರಿಗೆ ಮೂರು ಸ್ವಿಚ್ಚು

ಮಧುಗಿರಿಯ ಪಾತ್ರೆ ಅಂಗಡಿಯ ಪ್ರಭುದೇವ್ ಬೆಳಗಿನ ಲಿಂಗಪೂಜೆ ಮುಗಿಸದೆ ತುಟಿಗೆ ನೀರು ಮುಟ್ಟಿಸುವವನಲ್ಲ. ಸಂಜೆ ಗಿಟಾರು ಮುಟ್ಟದೆ ಊಟಕ್ಕೆ ಕೂರುವವನೂ ಅಲ್ಲ. ಇವೆರಡರಲ್ಲಿ ಯಾವುದು ದೊಡ್ಡದೆಂದು ಅವನನ್ನು ಯಾರೂ ಕೇಳಿರಲಿಲ್ಲ. ಕೇಳದಿದ್ದದ್ದೇ ಒಳ್ಳೆಯದಾಯಿತು.

ಪರಶಿವನು ಕೆಲವರಿಗೆ ಕಂಠ ಕೊಡುತ್ತಾನೆ, ಕೆಲವರಿಗೆ ಬೆರಳು ಕೊಡುತ್ತಾನೆ. ಕಂಠ ಪಡೆದ ಹಾಲೇಶ್, ಬೆರಳು ಪಡೆದ ಪ್ರಭುದೇವನನ್ನು ಜೊತೆಗಿಟ್ಟುಕೊಂಡು ಯೌವನದಲ್ಲೇ ‘ಮಲ್ಲೇಶ್ವರ ಮೆಲೋಡೀಸ್’ ಎಂಬ ವಾದ್ಯಗೋಷ್ಠಿ ಕಟ್ಟಿದ್ದ. ಕೊರಟಗೆರೆಯಿಂದ ಪಾವಗಡದವರೆಗೆ ಎಷ್ಟೋ ಆರತಕ್ಷತೆಗಳಲ್ಲಿ ಇವರ ಹಾಡು ಕೇಳುತ್ತಲೇ ಜನ ಉಡುಗೊರೆ ಕೊಡುವ ಸಾಲಿನಲ್ಲಿ ನಿಂತಿದ್ದಾರೆ. ಆದರೆ ಕಳೆದ ವರ್ಷ ಚೇತನ್ ಕುಮಾರ್ ಎಂಬ ಯುವಕ ಹೊಸ ಕೀಬೋರ್ಡಿನೊಂದಿಗೆ ತಂಡ ಸೇರಿದ. ಆ ಕೀಬೋರ್ಡಿನಲ್ಲಿ ಕೊಳಲು, ಪಿಟೀಲು, ಶಹನಾಯಿ ಎಲ್ಲವೂ ಇದ್ದವು. ಗಿಟಾರೂ ಇತ್ತು.

“ಲೇ ಪ್ರಭು, ಅದರಾಗೆ ಗಿಟಾರ್ ಗುಂಡಿ ಐತೆ ಕಣ್ಲಾ,” ಎಂದ ಹಾಲೇಶ್. “ಬೇಜಾರ್ ಮಾಡ್ಕೋಬ್ಯಾಡ. ವ್ಯಾನ್‌ನಾಗೆ ಜಾಗ ಸಾಲ್ತಿಲ್ಲ.”

ಗುಂಡಿಯೊಂದು ತನ್ನ ಜಾಗದಲ್ಲಿ ಕೂರಬಾರದೆಂದರೆ ಗುಂಡಿಗೆ ಸಿಗದ ನಾದ ಬೇಕು ಎಂದು ಪ್ರಭುದೇವ್ ನಿಶ್ಚಯಿಸಿದ. ಹಳೆಯ ಗಿಟಾರನ್ನು ಬದಿಗಿಟ್ಟು, ಬೆಂಗಳೂರಿನಲ್ಲಿ ಕೈಯಿಂದಲೇ ಗಿಟಾರು ಕಟ್ಟುವ ಅಂಜನ್ ಕುಮಾರ್ ಎಂಬವರಿಗೆ ಅತಿ ಶ್ರೇಷ್ಠವಾದುದನ್ನೇ ಹೇಳಿ ಮಾಡಿಸಲು ಹೊರಟ. ಮರ, ಬಣ್ಣ ಎಲ್ಲವೂ ಸುಸೂತ್ರವಾಗಿ ತೀರ್ಮಾನವಾದವು. ಸ್ವಿಚ್ಚಿನ ವಿಷಯ ಬಂದಾಗ ಮಾತ್ರ ಅವನ ಸಂಸಾರದ ನೆಮ್ಮದಿ ಕೆಟ್ಟಿತು.

ಎಲೆಕ್ಟ್ರಿಕ್ ಗಿಟಾರಿನಲ್ಲಿ ತಂತಿಯ ನಡುಕವನ್ನು ಹಿಡಿದು ಸ್ಪೀಕರಿಗೆ ಕಳಿಸುವ ಪಟ್ಟಿಗಳಿಗೆ ಪಿಕಪ್ ಎನ್ನುತ್ತಾರೆ. ಈ ಗಿಟಾರಿಗೆ ಅಂಥವು ಮೂರು. ಕತ್ತಿನ ಬಳಿಯದಕ್ಕೆ ತುಂಬಿದ ದನಿ, ತುದಿಯದಕ್ಕೆ ಚೂಪು ದನಿ, ನಡುವಿನದು ಇಬ್ಬರಿಗೂ ಬೇಕಾದ ನೆಂಟ. ಯಾವುದು ಯಾವಾಗ ಮಾತಾಡಬೇಕೆಂದು ಹೇಳುವುದೇ ಸ್ವಿಚ್ಚಿನ ಕೆಲಸ.

“ಒಂದೇ ಸ್ವಿಚ್ ಹಾಕಿಸ್ಕೊಳ್ಳಿ ಸರ್,” ಎಂದರು ಅಂಜನ್ ಕುಮಾರ್ ಫೋನಿನಲ್ಲಿ. “ಐದು ಕಡೆ ನಿಲ್ಲುತ್ತೆ. ಎಲ್ಲಿ ನಿಲ್ಲಿಸಿದ್ರೂ ಒಂದು ಸೌಂಡ್ ಬಂದೇ ಬರುತ್ತೆ. ಇಲ್ಲಾಂದ್ರೆ ಮೂರಕ್ಕೂ ಬೇರೆ ಬೇರೆ ಪುಟ್ಟ ಸ್ವಿಚ್ ಕೊಡಬಹುದು. ಮೇಲಕ್ಕೆತ್ತಿದ್ರೆ ಆನ್, ಕೆಳಗಿಳಿಸಿದ್ರೆ ಆಫ್. ಯಾವುದರ ಜೊತೆಗೆ ಯಾವುದನ್ನ ಬೇಕಾದ್ರೂ ಸೇರಿಸಬಹುದು.”

“ಮೂರೂ ಇಳಿಸಿಬುಟ್ರೆ?”

“ಏನೂ ಕೇಳಲ್ಲ ಸರ್. ಅದನ್ನ ಯಾರು ಮಾಡ್ತಾರೆ?”

ಅಂದಿನಿಂದ ಪ್ರಭುದೇವ್ ಅಂಗಡಿಯಲ್ಲಿ ತಪ್ಪಲೆ ಕೇಳಿದವರಿಗೆ ಕೊಳಗ ಕೊಟ್ಟ. ಕೊನೆಗೆ ಚನ್ನರಾಯನದುರ್ಗದ ಈಶ್ವರನ ಗುಡಿಗೆ ಹೋಗಿ ಹೂಪ್ರಸಾದ ಕೇಳಿದ: ಲಿಂಗಕ್ಕೆ ಅಂಟಿಸಿದ ಹೂವು ಬಲಕ್ಕೆ ಬಿದ್ದರೆ ಒಂದು ಸ್ವಿಚ್ಚು, ಎಡಕ್ಕೆ ಬಿದ್ದರೆ ಮೂರು. ಹೂವು ಬಲಕ್ಕೆ ಬಿತ್ತು. ಭಕ್ತನ ಮನಸ್ಸು ಅಷ್ಟರಲ್ಲಾಗಲೇ ಎಡಕ್ಕೆ ವಾಲಿತ್ತು. ಫ್ಯಾನಿನ ಗಾಳಿಗೆ ಬಿದ್ದಿರಬಹುದೆಂದು ವಿನಯದಿಂದ ಅನುಮಾನಿಸಿ ಅರ್ಚಕರಿಂದ ಫ್ಯಾನು ಆರಿಸಿ ಮತ್ತೆ ಕೇಳಿದ. ಮತ್ತೂ ಬಲಕ್ಕೇ ಬಿತ್ತು. ಮೂರನೆಯ ಸಲ ಎಡಕ್ಕೆ ಬಿದ್ದಾಗ ಭಗವಂತನ ಇಚ್ಛೆ ಸ್ಪಷ್ಟವಾಯಿತೆಂದು ಕೈಮುಗಿದ.

“ಶಿವನ್ನೇ ಸುಸ್ತು ಮಾಡಿ ಬಂದ್ರಾ?” ಎಂದಳು ಹೆಂಡತಿ ಭುವನಾ. “ನಮ್ಮಂಥೋರ ಗತಿ ಇನ್ನೇನ್ರೀ.”

ಗಿಟಾರು ಬಂತು. ತಂತಿಗಳ ಕೆಳಗೆ ಮೂರು ಪುಟ್ಟ ಸ್ವಿಚ್ಚುಗಳು ತಲೆಯೆತ್ತಿ ನಿಂತಿದ್ದವು. ಪಾವಗಡದ ಒಂದು ಆರತಕ್ಷತೆಯಲ್ಲಿ ಅದನ್ನು ಕೇಳಿ ಆಮೇಲೆ ನಿರ್ಧರಿಸುತ್ತೇನೆಂದು ಹಾಲೇಶ್ ಒಪ್ಪಿದ. ಆ ಸಂಜೆ ವೇದಿಕೆಯ ಮೇಲೆ ಪ್ರಭುದೇವ್ ಮೂರನ್ನೂ ಎತ್ತಿ ಶ್ರುತಿ ನೋಡಿಕೊಂಡ. ಬಳಿಕ ಎಂದಿನಂತೆ ಚಪ್ಪಲಿ ಬಿಟ್ಟು, ವಾದ್ಯದ ಮೈಮೇಲೆ ಅಂಗೈಯನ್ನು ಮೇಲಿನಿಂದ ಕೆಳಕ್ಕೆ ಭಕ್ತಿಯಿಂದ ಸವರಿ ಕಣ್ಣಿಗೊತ್ತಿಕೊಂಡ. ಮೊದಲ ಹಾಡು ಶುರುವಾಯಿತು. ತಂತಿ ಮೀಟಿದ. ಬೆರಳಿಗೆ ತಂತಿ ತಾಗಿತೇ ಹೊರತು ಕಿವಿಗೆ ಏನೂ ತಾಗಲಿಲ್ಲ.

ವೈರು ನೋಡಿದ, ಸ್ಪೀಕರ್ ನೋಡಿದ. ಹಾಲೇಶ್ ಆಗಲೇ ಪಲ್ಲವಿ ಎತ್ತಿದ್ದ. ಪ್ರಭುದೇವನ ಮುಖ ಬಿಳಿಚಿದ್ದನ್ನು ಕಂಡ ಚೇತನ್, ಸದ್ದಿಲ್ಲದೆ ತನ್ನ ಗಿಟಾರ್ ಗುಂಡಿ ಒತ್ತಿ ಆ ಭಾಗವನ್ನೂ ನುಡಿಸಿದ. ನಿಲ್ಲಿಸಿದರೆ ತಂಡದ ಮಾನ ಹೋದೀತೆಂದು ಪ್ರಭುದೇವ್ ಕೊನೆಯ ಹಾಡಿನವರೆಗೂ ಬೆರಳಾಡಿಸಿದ. ಮುಗಿದ ಮೇಲೆ ನೋಡಿದರೆ ಮೂರೂ ಸ್ವಿಚ್ಚುಗಳು ತಲೆಬಾಗಿಸಿ ಮಲಗಿದ್ದವು. ಅವನ ನಮಸ್ಕಾರವೇ ಅವುಗಳನ್ನು ಮಲಗಿಸಿತ್ತು.

ಮದುವೆ ಹೆಣ್ಣಿನ ಸೋದರಮಾವ ಸಂಜೀವಯ್ಯ ಬಂದು ಅವನ ಕೈಹಿಡಿದು, ತೆಲುಗು ಬೆರೆಸಿ ಹೊಗಳಿದರು. “ಗಿಟಾರ್ ಅದರಗೊಟ್ಟೇಶಾರಣ್ಣಾ! ಶಿರಾದಾಗೆ ನಮ್ಮ ತಂಗಿ ಮನೆ ಗೃಹಪ್ರವೇಶ ಐತೆ. ನೀವು ಬರ್ಲೇಬೇಕು.”

ಅಪಾತ್ರನಿಗೆ ಬಂದ ಪ್ರಶಂಸೆ ಸಜ್ಜನನನ್ನು ನಿದ್ದೆಗೆಡಿಸುತ್ತದೆ. ಬೆಳಗಾಗುತ್ತಲೇ ಪ್ರಭುದೇವ್ ಹಾಲೇಶನ ಜಗುಲಿಗೆ ಹೋಗಿ ನಡೆದದ್ದನ್ನೆಲ್ಲ ಒಪ್ಪಿಸಿದ. ಹಾಲೇಶ್ ಕಾಫಿ ಲೋಟ ಕೆಳಗಿಟ್ಟ.

“ನಿನ್ನ ಬುಡೋ ಮಾತೇ ಇಲ್ಲ ಕಣ್ಲಾ,” ಎಂದ. “ಜನ ನಿನ್ನ ನೋಡೋಕೇ ಕರೀತವ್ರೆ. ಶಿರಾದಾಗೂ ಅಂಗೇ ಮೂರೂ ಇಳಿಸ್ಕೊಂಡು ನಿಂತ್ಕೊ. ಚೇತನ ನೋಡ್ಕೊತಾನೆ.”

ಜಾಗ ಉಳಿಯಿತು. ಯಾವುದಕ್ಕಾಗಿ ಆ ಜಾಗ ಬೇಕಿತ್ತೋ ಅದೊಂದು ಮಾತ್ರ ಉಳಿಯಲಿಲ್ಲ.

ಶಿರಾಕ್ಕೆ ಹೋಗುವ ವ್ಯಾನಿನಲ್ಲಿ ಅವನು ಚೇತನನ ಪಕ್ಕ ಕುಳಿತ. “ಇವತ್ತು ನಿನ್ನ ಗಿಟಾರ್ ಗುಂಡಿ ಮುಟ್ಬ್ಯಾಡ ಕಣಪ್ಪಾ.”

“ಹಾಲೇಶಣ್ಣ ಉಗಿದ್ರೆ?”

“ಉಗೀಲಿ. ನಾನು ನುಡಿಸಿದ್ದಕ್ಕೇ ಉಗಿಸ್ಕೊಂಡಂಗಾಗ್ತದೆ.”

ಆ ಮಧ್ಯಾಹ್ನ ಚಪ್ಪರದ ಕೆಳಗೆ ಪಂಕ್ತಿ ಕುಳಿತಿತ್ತು. ಪ್ರಭುದೇವ್ ವಾದ್ಯಕ್ಕೆ ಮೊದಲು ಕೈಮುಗಿದು, ಆಮೇಲೆ ಮೂರನ್ನೂ ಒಂದೊಂದಾಗಿ ಎತ್ತಿದ. ಶಿವಸ್ತುತಿಗೆ ಕತ್ತಿನ ಬಳಿಯದನ್ನೊಂದೇ ಉಳಿಸಿಕೊಂಡ. ಕುಣಿತದ ಹಾಡಿಗೆ ನಡುವಿನದನ್ನೂ ತುದಿಯದನ್ನೂ ಕೂಡಿಸಿದ. ಅಷ್ಟು ತನ್ಮಯನಾಗಿ ಅವನು ಜನ್ಮದಲ್ಲಿ ನುಡಿಸಿರಲಿಲ್ಲ. ಚೇತನ್ ಕೀಬೋರ್ಡಿನ ಮೇಲೆ ಕೈಯಿಟ್ಟು ಕಿವಿಗೊಟ್ಟಿದ್ದ. ಉಂಡವರು ಎದ್ದರು, ಬೇರೆಯವರು ಕುಳಿತರು, ಒಬ್ಬರು ಇನ್ನಷ್ಟು ಸಾರು ಕೇಳಿದರು.

ಮುಗಿದ ಮೇಲೆ ಹಾಲೇಶ್ ಬೆವರು ಒರೆಸಿಕೊಳ್ಳುತ್ತಾ ಬಂದ. ಪ್ರಭುದೇವ್ ಬೈಗುಳಕ್ಕೆ ಸಿದ್ಧನಾಗಿ ನಿಂತ.

“ನೋಡ್ದಾ?” ಎಂದು ಹಾಲೇಶ್ ಅವನ ಬೆನ್ನು ತಟ್ಟಿದ. “ನೀನು ಆಫ್ ಮಾಡ್ಕೊಂಡಿದ್ದಕ್ಕೇ ಇವತ್ತು ಪಾವಗಡಕ್ಕಿಂತ ಚೆಂದ ಬಂತು. ಚೇತನನ ಮಿಷನ್ನು ಮಿಷನ್ನೇ ಬುಡು.”

ಸತ್ಯವನ್ನು ಒಮ್ಮೆ ಒಪ್ಪಿಸಿ ಅದರ ಫಲ ಉಂಡಿದ್ದ ಪ್ರಭುದೇವ್ ಚೇತನನ ಕಡೆ ನೋಡಿದ. ಚೇತನ್ ಬಹಳ ಶ್ರದ್ಧೆಯಿಂದ ವೈರು ಸುತ್ತುತ್ತಿದ್ದ.

“ಕೊಡಿಗೇನಹಳ್ಳಿಯೋರೂ ಕರ್ದವ್ರೆ,” ಎಂದ ಹಾಲೇಶ್. “ಅಲ್ಲೂ ಹಿಂಗೇ ಇರ್ಲಿ.”

“ಆಗ್ಲಿ ಹಾಲೇಶಣ್ಣ,” ಎಂದು ಪ್ರಭುದೇವ್ ಗಿಟಾರನ್ನು ಚೀಲದೊಳಗಿಟ್ಟ.