ಕಿಟಕಿಯಾಚೆ ಕೂತ ಅತ್ತೆ

ಕಯೊಂಡೊಗೆ ಒಂದು ಕಡೆ ಕೂತು ಗೊತ್ತೇ ಇರಲಿಲ್ಲ. ಮಸಾಕಾ ಪೇಟೆಯಲ್ಲಿ ಆರೇಳು ವರ್ಷ ಬೋಡಾ ಓಡಿಸಿ ಹೊಟ್ಟೆ ಹೊರೆದವನು ಅವನು. ಬೈಕಿನ ಹಿಂದೆ ಜನರನ್ನು ಕೂರಿಸಿಕೊಂಡು ಗಲ್ಲಿಗಲ್ಲಿ ತಿರುಗುವ ಆ ಕೆಲಸ ಅವನ ಮೈಗೆ ಹೇಳಿ ಮಾಡಿಸಿದ ಹಾಗಿತ್ತು. ಆದರೆ ಹೆಂಡತಿ ನಬ್ಬೋಸಾ ಬಿಡಬೇಕಲ್ಲ? "ಟೀಚರ್ ಮಗಳನ್ನ ಕಟ್ಕೊಂಡು ಬೋಡಾದವನಾಗೇ ಮುದುಕ ಆಗ್ತೀಯೇನು?" ಎಂದು ದಿನಾ ಕುಟುಕಿ ಕುಟುಕಿ, ಬೈಕನ್ನೇ ಮಾರಿಸಿ, ಅವನನ್ನು ಶಿಕ್ಷಕರ ತರಬೇತಿ ಕಾಲೇಜಿಗೆ ನೂಕಿದಳು.

ಪುಸ್ತಕದ ಪರೀಕ್ಷೆಗಳನ್ನು ಅವನು ಹೇಗೋ ದಾಟಿದ. ಮುಗ್ಗರಿಸಿದ್ದು ಬೋಧನಾಭ್ಯಾಸದಲ್ಲಿ, ಅಂದರೆ ನಿಜವಾದ ಶಾಲೆಗೆ ಹೋಗಿ, ನಿಜವಾದ ಮಕ್ಕಳ ಮುಂದೆ ನಿಂತು ಪಾಠ ಮಾಡಿ ತೋರಿಸುವಲ್ಲಿ. ಬಾಗಿಲಿನಿಂದ ಹಿಂದಿನ ಗೋಡೆಗೆ, ಹಿಂದಿನ ಗೋಡೆಯಿಂದ ಬೋರ್ಡಿಗೆ ಅವನು ಪ್ರಯಾಣಿಕರನ್ನು ಹುಡುಕುವವನ ಹಾಗೆ ಓಡಾಡಿದ. ಪ್ರಶ್ನೆ ಕೇಳಿ ಉತ್ತರವನ್ನೂ ತಾನೇ ಹೇಳಿದ. ಪರೀಕ್ಷಕರು ಫೇಲು ಮಾಡಿದರು. ಇನ್ನೊಂದೇ ಅವಕಾಶ, ಅದೂ ಹೋದರೆ ಸರ್ಟಿಫಿಕೇಟಿನ ಆಸೆ ಬಿಡು ಎಂದಿತು ಕಾಲೇಜು. ಸರ್ಟಿಫಿಕೇಟಿಲ್ಲ, ಬೈಕೂ ಇಲ್ಲ ಎಂಬ ಸ್ಥಿತಿಯನ್ನು ನೆನೆಸಿಕೊಂಡರೇ ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ.

ಈ ಕೊನೆಯ ಅವಕಾಶಕ್ಕೆ ಅವನಿಗೆ ಸಿಕ್ಕಿದ ಶಾಲೆಯಾದರೂ ಯಾವುದು? ಹೆಂಡತಿಯ ತವರೂರಿನದು! ಅಲ್ಲೇ ಅವನ ಅತ್ತೆ ನಕಿಮೇರಾ ಮೂರನೇ ತರಗತಿಗೆ ಟೀಚರು. ಬೇರೆ ಶಾಲೆ ಕೊಡಿ ಎಂದು ಕಾಲೇಜಿನವರ ಕಾಲು ಹಿಡಿಯುವುದೊಂದು ಬಾಕಿ. ಅವರು ಜಪ್ಪಯ್ಯ ಅನ್ನಲಿಲ್ಲ. ಹೋಗಲಿ, ನನಗೆ ಕೊಟ್ಟಿರುವುದು ಐದನೇ ತರಗತಿ, ಅತ್ತೆ ಆ ತುದಿಗೆ ನಾನು ಈ ತುದಿಗೆ ಎಂದು ಸಮಾಧಾನ ಮಾಡಿಕೊಂಡು ಅವನು ಬಂದಿಳಿದ. ಬಂದ ಮೊದಲ ಬೆಳಿಗ್ಗೆಯೇ ಹೆಡ್‌ಮಾಸ್ಟರ್ ಮುಕೀಬಿ ಬೆನ್ನು ತಟ್ಟಿ ನಕ್ಕರು.

"ಐದನೇ ಕ್ಲಾಸಿನ ಟೀಚರಮ್ಮ ಹೆರಿಗೆಗೆ ಹೋದ್ರಪ್ಪ. ನಿನ್ನನ್ನ ಮೂರನೇ ಕ್ಲಾಸಿಗೆ ಹಾಕಿದೀನಿ. ನಿನ್ನ ಅತ್ತೇನೇ ನಿನಗೆ ಮಾರ್ಗದರ್ಶಿ."

"ಸಾರ್, ತಮಾಷೆ ಮಾಡ್ಬೇಡಿ."

"ತಮಾಷೆ ಅಲ್ಲ ಮಾರಾಯ. ನಾನೂ ಆಗಲ್ಲ ಅಂತಾರೇನೋ ಅಂದ್ಕೊಂಡಿದ್ದೆ. ಕೇಳಿದ ಕೂಡ್ಲೇ ಒಪ್ಕೊಂಡ್ರು."

ಯಾಕೆ ಒಪ್ಪಿದರು? ಅವನಿಗೆ ಬಗೆಹರಿಯಲಿಲ್ಲ. ನಮ್ಮ ಬುಗಾಂಡದಲ್ಲಿ ಅತ್ತೆ ಅಳಿಯ ಮುಖಕ್ಕೆ ಮುಖ ಕೊಟ್ಟು ಕೂರುವುದುಂಟೇ? ಕೈ ಕುಲುಕುವ ಹಾಗಿಲ್ಲ, ಒಂದೇ ತಟ್ಟೆಗೆ ಕೈ ಹಾಕುವ ಹಾಗಿಲ್ಲ, ದಾರಿಯಲ್ಲಿ ಎದುರಾದರೆ ಒಬ್ಬರು ಪಕ್ಕದ ಬಾಳೆತೋಟಕ್ಕೆ ಇಳಿಯಬೇಕು. ಮೀರಿದರೆ ಒಬುಕೊ ಬರುತ್ತದೆ: ಕೈ ನಡುಗಲು ಶುರುವಾದರೆ ಮತ್ತೆ ನಿಲ್ಲುವುದಿಲ್ಲ. ಕಯೊಂಡೊನ ಅಜ್ಜಿಯ ತಂಗಿಯೊಬ್ಬಳು ಕಿಕ್ಕಿರಿದ ಲಾರಿಯಲ್ಲಿ ಅಳಿಯನ ತೋಳಿಗೆ ತಾಗಿದ್ದಳಂತೆ. ಸಾಯುವವರೆಗೂ ಅವಳ ಬಟ್ಟಲಿನ ಗಂಜಿ ಬಾಯಿಗಿಂತ ಮಡಿಲಿಗೇ ಹೆಚ್ಚು ಬೀಳುತ್ತಿತ್ತು. ಪೇಟೆಯ ಹುಡುಗರು ಇದಕ್ಕೆಲ್ಲ ನಗುತ್ತಾರೆ, ತಮ್ಮ ಅತ್ತೆ ಎದುರಿಗಿಲ್ಲದಿರುವ ತನಕ. ಮದುವೆಯಾಗಿ ನಾಲ್ಕು ವರ್ಷವಾಗಿದ್ದರೂ ಕಯೊಂಡೊ ಅತ್ತೆಯ ಮುಖವನ್ನು ನೆಟ್ಟಗೆ ನೋಡಿರಲಿಲ್ಲ.

ಉಪಾಯ ಹೂಡಿದ್ದು ನಕಿಮೇರಾ ಅವರೇ. ತರಗತಿಯ ಕಿಟಕಿಯ ಹೊರಗೆ ಒಂದು ಹಲಸಿನ ಮರ. ಅದರ ಬುಡದಲ್ಲಿ ಸ್ಟೂಲು ಹಾಕಿಸಿಕೊಂಡು, ಕಿಟಕಿಗೆ ಬೆನ್ನು ಮಾಡಿ, ಉಟ್ಟಿದ್ದ ಗೊಮೆಸಿ ನಿಲುವಂಗಿಯ ಅಗಲ ನಡುಪಟ್ಟಿಯ ತುದಿಯಲ್ಲಿ ಕೈಗಳನ್ನು ಸುತ್ತಿ ಮಡಿಲಲ್ಲಿಟ್ಟುಕೊಂಡು ಕೂತರು. ಒಳಗೆ ಅಳಿಯನ ಪಾಠ, ಹೊರಗೆ ಅತ್ತೆಯ ಕಿವಿ. ಪಾಠ ಮುಗಿದ ಮೇಲೆ ತರಗತಿಯ ಲೀಡರು ನಂತಾಲೆ ಎಂಬ ಹುಡುಗಿಯನ್ನು ಕರೆದು, ಕಯೊಂಡೊಗೆ ಕೇಳುವಷ್ಟು ಜೋರಾಗಿಯೇ ಅವಳಿಗೆ ಹೇಳುವರು.

"ಹೋಗು ಮಗಾ, ಒಳಗಿರೋ ಮೇಷ್ಟ್ರಿಗೆ ಹೇಳು. ಅವರ ಬೂಟಿನ ಶಬ್ದ ಬಿಟ್ರೆ ನನಗೆ ಇನ್ನೇನೂ ಕೇಳಿಸ್ಲಿಲ್ಲ ಅಂತ."

ನಂತಾಲೆ ಮೊಣಕಾಲೂರಿ ಅಕ್ಷರಕ್ಕಕ್ಷರ ಒಪ್ಪಿಸುವಳು. ಐವತ್ತು ಚಿಲ್ಲರೆ ಮಕ್ಕಳು ಬಾಯಿ ಮುಚ್ಚಿಕೊಂಡು ನಗುವರು.

ಮರುದಿನ: "ಕೇಳು ಅವರನ್ನ, ಮಕ್ಕಳು ಬಾಯಿ ತೆಗೆಯೋದ್ರೊಳಗೆ ತಾವೇ ಉತ್ತರ ಹೇಳ್ತಾರಲ್ಲ, ಬಸ್ಸು ತಪ್ಪಿಹೋಗುತ್ತಾ ಅಂತ."

ಅದರ ಮರುದಿನ: "ಹಿಂದಿನ ಬೆಂಚಿನ ಕಸುಲೆ ಮೂರು ದಿನದಿಂದ ಒಂದು ಮಾತೂ ಆಡಿಲ್ಲ. ಬದುಕಿದಾನಾ ಇಲ್ವಾ ನೋಡೋಕೆ ಹೇಳು."

ಕಯೊಂಡೊಗೆ ಮೈಯೆಲ್ಲ ಉರಿಯುತ್ತಿತ್ತು. ಬೈಯುವುದಾದರೆ ಎದುರಿಗೆ ಬಂದು ಬೈಯಲಿ, ಗೋಡೆಯ ಆಚೆಯಿಂದ ಇದೇನು ಹಿಂಸೆ ಎಂದು ಹೆಂಡತಿಗೆ ಫೋನು ಮಾಡಿ ಗೋಳಾಡಿದ. ಅವಳು ಬಿದ್ದು ಬಿದ್ದು ನಕ್ಕಳು. ಆದರೆ ಅತ್ತೆ ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ, ಅದೇ ಅವನನ್ನು ಹೆಚ್ಚು ಕಾಡಿದ್ದು. ಒಂದು ಕಡೆ ನಿಲ್ಲಬೇಕೆಂದು ಗಟ್ಟಿಮನಸ್ಸು ಮಾಡಿ ನಿಲ್ಲುವನು. ಚಾಕ್‌ಪೀಸು ಕೈಗೆ ಬಂದದ್ದೇ ತಡ, ಕಾಲುಗಳು ತಮ್ಮ ಪಾಡಿಗೆ ತಾವು ಹೊರಟುಬಿಡುವವು. ಪರೀಕ್ಷೆಯ ದಿನ ಹತ್ತಿರವಾದಂತೆ ಊಟ ಸೇರದಾಯಿತು. ಬೇಯಿಸಿದ ಬಾಳೆಕಾಯಿಯ ಮುದ್ದೆ ತಟ್ಟೆಯಲ್ಲೇ ಆರಿ ಗಟ್ಟಿಯಾಗುತ್ತಿತ್ತು.

ಆ ತರಗತಿಯಲ್ಲಿ ಒಂದು ವಿಶೇಷವಿತ್ತು. ದಿನಾಂಕ, ಲೆಕ್ಕ, ಪದಗಳ ಪಟ್ಟಿ, ಬೋರ್ಡಿನ ಮೇಲೆ ಎಲ್ಲವನ್ನೂ ಮಕ್ಕಳೇ ಸರದಿಯಲ್ಲಿ ಬರೆಯುತ್ತಿದ್ದರು. ದುಂಡಗೆ ಮುತ್ತು ಪೋಣಿಸಿದಂಥ ಅಕ್ಷರ. ಬಂದವರಿಗೆಲ್ಲ ಮುಕೀಬಿ ಅದನ್ನು ತೋರಿಸಿ, "ನಕಿಮೇರಾ ಟೀಚರ್ ಪದ್ಧತಿ ಇದು, ಮಕ್ಕಳ ಕೈಗೇ ಚಾಕ್‌ಪೀಸು" ಎಂದು ಬೀಗುತ್ತಿದ್ದರು. ಕಯೊಂಡೊ ಕೂಡ ಅದನ್ನು ಪದ್ಧತಿ ಎಂದೇ ತಿಳಿದ.

ಪರೀಕ್ಷಕರಾಗಿ ಬಂದವರು ಪೂರ್ವದ ತೇಸೋ ಸೀಮೆಯ ಒಕಿರಿಂಗ್. ತೆಂಗಿನ ಮರದಷ್ಟು ಎತ್ತರದ ಆಸಾಮಿ. ನಮ್ಮ ರೀತಿ ರಿವಾಜು ತಿಳಿಯದವರು, ತಿಳಿಯುವ ತಾಳ್ಮೆಯೂ ಇಲ್ಲದವರು. ತರಗತಿಗೆ ಕಾಲಿಟ್ಟವರೇ ಕಿಟಕಿಯಾಚೆ ನೋಡಿದರು.

"ಆ ಮರದ ಕೆಳಗೆ ಕೂತಿರೋದು ಯಾರು?"

"ಮಾರ್ಗದರ್ಶಿ ಶಿಕ್ಷಕಿ ಸಾರ್," ಎಂದರು ಮುಕೀಬಿ ತಲೆ ಕೆರೆಯುತ್ತಾ. "ಅವರು ಇವನಿಗೆ ಅತ್ತೆ ಆಗ್ಬೇಕು. ನಮ್ಮಲ್ಲಿ ಒಂದು ಸ್ವಲ್ಪ ಇದಿದೆ…"

"ಅತ್ತೆಯೋ ಸೊಸೆಯೋ, ನನಗ್ಯಾಕೆ? ಕಣ್ಣಿಂದ ಪಾಠ ನೋಡದೆ ಅಂಕ ಹೇಗ್ರೀ ಕೊಡ್ತಾರೆ? ನನ್ನ ಪಕ್ಕ ಕೂತು, ಪಾಠ ನೋಡಿ, ನನ್ನ ಕಣ್ಣೆದುರು ಅವರು ಅಂಕ ಬರೀಬೇಕು. ಇಲ್ಲಾಂದ್ರೆ ಮಾರ್ಗದರ್ಶನ ನಡೆದೇ ಇಲ್ಲ ಅಂತ ಬರ್ದು ಹೊರಟೆ."

ಹಾಗೆ ಬರೆದರೆ ಫೇಲು. ಆದರೂ ಕಯೊಂಡೊನ ಬಾಯಿಗೆ ಬಂದದ್ದು, "ಬೇಡ ಸಾರ್. ಅವರನ್ನ ಕರೀಬೇಡಿ. ಫೇಲ್ ಮಾಡಿದ್ರೆ ಮಾಡಿ" ಎಂಬ ಮಾತು. ಅಷ್ಟು ದೊಡ್ಡ ಮಾತು ತನ್ನ ಬಾಯಿಂದ ಹೇಗೆ ಬಂತೆಂದು ಅವನಿಗೇ ಗೊತ್ತಾಗಲಿಲ್ಲ.

ಕಿಟಕಿಯಾಚೆ ಸ್ಟೂಲು ಸರಿದ ಸದ್ದಾಯಿತು. ನಕಿಮೇರಾ ಸುತ್ತು ಬಳಸಿ ಹಿಂದಿನ ಬಾಗಿಲಿನಿಂದ ಒಳಗೆ ಬಂದು, ಕೊನೆಯ ಬೆಂಚಿನಲ್ಲಿ ಕಸುಲೆಯ ಪಕ್ಕ ಕೂತುಬಿಟ್ಟರು. ಒಕಿರಿಂಗ್ ಹೋಗಿ ಅದೇ ಬೆಂಚಿನ ತುದಿಗೆ ಕೂತರು. ಏಳೆಂಟು ವರ್ಷದ ಕೂಸುಗಳಿಗೂ ಗೊತ್ತು, ಇದು ಆಗಬಾರದ್ದು.

ಕಯೊಂಡೊ ಬೋರ್ಡಿಗೆ ಅಂಟಿಕೊಂಡ. ಹಿಂದಕ್ಕೆ ನಡೆಯೋಣವೆಂದರೆ ಅಲ್ಲಿ ಅತ್ತೆ. ಪಕ್ಕಕ್ಕೆ ಹೋದರೂ ದೃಷ್ಟಿ ಅಲ್ಲಿಗೇ ಬೀಳುತ್ತದೆ. ನಿಂತಲ್ಲೇ ನಿಂತು, ಮೇಜಿನ ಮೇಲಿದ್ದ ಪಪ್ಪಾಯಿಯನ್ನು ಎರಡು ಭಾಗ ಮಾಡಿ, ಇದನ್ನೇನಂತಾರೆ ಎಂದು ಕೇಳಿದ. ಉತ್ತರವನ್ನು ತಾನೇ ಹೇಳಲು ಈ ಸಲ ದನಿಯೇ ಹೊರಡಲಿಲ್ಲ. ಆ ಮೌನದಲ್ಲಿ ಮಕ್ಕಳು ಒಬ್ಬೊಬ್ಬರಾಗಿ ಕೈ ಎತ್ತಿದರು. ಒಬ್ಬಳು ಬಂದು ಅರ್ಧವನ್ನು ಮತ್ತೆ ಅರ್ಧ ಮಾಡಿದಳು. ಇನ್ನೊಬ್ಬ ಅದು ಸಮ ಇಲ್ಲ ಎಂದು ಜಗಳ ತೆಗೆದ. ನಾಲ್ಕು ಕಾಲು ಸೇರಿದರೆ ಒಂದು ಇಡೀ ಹಣ್ಣು ಎಂದು ಕಸುಲೆ, ಮಾತೇ ಆಡದ ಆ ಕಸುಲೆ, ಎದ್ದು ನಿಂತು ಕೂಗಿ ಹೇಳಿದ. ಕಯೊಂಡೊ ಮಾಡಿದ್ದು ತಲೆಯಾಡಿಸಿದ್ದು, ಮತ್ತೆ ಕೇಳಿದ್ದು, ಅಷ್ಟೇ.

ಪಾಠ ಮುಗಿಯಿತು. ಒಕಿರಿಂಗ್ ಅಂಕದ ಹಾಳೆಯನ್ನು ನಕಿಮೇರಾ ಮುಂದೆ ಸರಿಸಿದರು. ಆಗ ಕಯೊಂಡೊ ತಲೆಯೆತ್ತಿದ. ನಡುಪಟ್ಟಿಯೊಳಗಿಂದ ಅತ್ತೆಯ ಬಲಗೈ ಹೊರಬಂತು, ಪೆನ್ನು ಹಿಡಿಯಿತು. ಅದು ಗಾಳಿಗೆ ಸಿಕ್ಕ ಎಲೆಯ ಹಾಗೆ ನಡುಗುತ್ತಿತ್ತು. ಎಡಗೈಯಿಂದ ಬಲಗೈಯನ್ನು ಅದುಮಿ ಹಿಡಿದು, ಸೊಟ್ಟಂಬಟ್ಟ ಒಂದು ಅಂಕಿ ಬರೆದು, ಅವರು ಹಾಳೆ ಹಿಂದಕ್ಕೆ ಕೊಟ್ಟರು.

"ಪಾಸು," ಎಂದರು ಒಕಿರಿಂಗ್. "ಹೀಗೆ ಒಂದು ಕಡೆ ನಿಂತು ಮಕ್ಕಳ ಮಾತು ಕೇಳೋ ಮೇಷ್ಟ್ರನ್ನ ಈಚೆಗೆ ನಾನು ನೋಡೇ ಇಲ್ಲ." ಮುಕೀಬಿ ಬಾಯಿ ತೆರೆದುಕೊಂಡು ಆ ಕೈಯನ್ನೇ ನೋಡುತ್ತಾ, ಅವರನ್ನು ಕಳಿಸಿಕೊಡಲು ಹೊರನಡೆದರು. ಮಕ್ಕಳು ಆಟಕ್ಕೆ ಓಡಿದರು.

ಪಾಸಾದ ಸಂತೋಷ ಕಯೊಂಡೊನ ಹತ್ತಿರವೂ ಸುಳಿಯಲಿಲ್ಲ. "ಅಯ್ಯೋ ದೇವರೇ, ಬಂತಲ್ಲ! ನನ್ನಿಂದ ಬಂತಲ್ಲ!" ಎಂದು ಗೋಡೆಗೆ ಹಣೆ ಒತ್ತಿ ಅವನು ಅತ್ತೇಬಿಟ್ಟ.

ನಕಿಮೇರಾ ಎದ್ದು, ಅವನಿಗೆ ಬೆನ್ನು ಮಾಡಿ, ಕಿಟಕಿಯ ಕಡೆ ನಿಂತರು. ಹಿಂದೆಂದೂ ಅವನೊಂದಿಗೆ ನೇರವಾಗಿ ಮಾತಾಡಿದವರಲ್ಲ.

"ಅಳ್ಬೇಡಿ ಅಳಿಯಂದ್ರೇ. ಇದು ಇವತ್ತಿಂದಲ್ಲ. ನಿಮ್ಮ ಮದುವೆಗೂ ಮುಂಚಿಂದು."

"ಏನಂದ್ರಿ?"

"ಮೊದಲು ಒಂದು ಬೆರಳು ನಡುಗ್ತಿತ್ತು. ಈಗ ಚಾಕ್‌ಪೀಸು ಹಿಡಿಯೋಕೂ ಆಗಲ್ಲ. ಮಕ್ಕಳ ಕೈಲಿ ಬರೆಸ್ತೀನಿ, ಜನ ಅದನ್ನ ಪದ್ಧತಿ ಅಂತಾರೆ. ನೀವು ಬಂದ್ರೆ ಬೋರ್ಡಿನ ಕೆಲಸ ಒಂದು ಟರ್ಮು ತಪ್ಪುತ್ತೆ ಅಂತ ಒಪ್ಕೊಂಡೆ. ಮಗಳಿಗೂ ಹೇಳಿಲ್ಲ. ಯಾರಾದ್ರೂ ನೋಡಿದ್ರೆ ಅಳಿಯ ಏನೋ ಅಪಚಾರ ಮಾಡಿದಾನೆ ಅಂತ ನಿಮ್ಮನ್ನ ಹರಿದು ತಿಂತಿದ್ರು. ಈಗ ಹೆಡ್‌ಮಾಸ್ಟ್ರು ಬರ್ತಾರೆ, ನಿಜ ಹೇಳ್ಬಿಡ್ತೀನಿ."

"ಹೇಳಿದ್ರೆ?"

"ಇಷ್ಟು ವರ್ಷ ಕಾಯಿಲೆ ಬಚ್ಚಿಟ್ಟಿದ್ಲು ಅಂತ ಅವರು ಶಿಕ್ಷಣ ಕಚೇರಿಗೆ ಬರೀಲೇಬೇಕು. ಬರೆದ್ರೆ ನನ್ನನ್ನ ಮನೆಗೆ ಕಳಿಸ್ತಾರೆ." ಅವರು ಅಂಗಳದಲ್ಲಿ ಆಡುತ್ತಿದ್ದ ಮಕ್ಕಳ ಕಡೆ ನೋಡಿದರು. "ನನಗೆ ಈ ಮಕ್ಕಳನ್ನ ಬಿಟ್ಟು ಇನ್ನೇನೂ ಗೊತ್ತಿಲ್ಲ ಅಳಿಯಂದ್ರೇ."

ಅಂಗಳದಲ್ಲಿ ಹೆಜ್ಜೆಯ ಸದ್ದು. ಮುಕೀಬಿ, ಅವರ ಹಿಂದೆ ಸ್ಟಾಫ್ ರೂಮಿನ ಎಲ್ಲರೂ. ಬಾಗಿಲಲ್ಲೇ ಒಬ್ಬ ಟೀಚರು ತಲೆಯ ಮೇಲೆ ಕೈ ಹೊತ್ತು, "ಒಂದೇ ಗಂಟೇಲಿ ಹೇಗೆ ಹಿಡ್ಕೊಂಡ್ಬಿಡ್ತು ನೋಡ್ರೇ!" ಎಂದು ಗೋಳಿಟ್ಟಳು.

ನಕಿಮೇರಾ ಬಾಯಿ ತೆರೆದರು. ಕಯೊಂಡೊ ಬಿಡಲಿಲ್ಲ. ಎರಡೇ ಹೆಜ್ಜೆಗೆ ಮುಕೀಬಿಯ ಮುಂದೆ ಹೋಗಿ ನೆಲದ ಮೇಲೆ ಕೂತ.

"ತಪ್ಪು ನಂದು ಸಾರ್. ನನಗೆ ಪಾಸಾಗೋ ಆಸೆ. ಒಳಗೆ ಬರಲಿ ಅಂತ ಒಳಗೊಳಗೇ ಬಯಸಿದ್ದೆ, ಅವರು ನನಗೋಸ್ಕರ ಬಂದ್ರು. ಇದು ಒಬುಕೊ. ಹಿರಿಯರು ಏನು ಹೇಳ್ತಾರೋ ಅದನ್ನ ತೆತ್ತು ಶುದ್ಧಿ ಮಾಡಿಸ್ತೀನಿ. ಆದ್ರೆ ಮನೆತನದ ವಿಷಯ ಕಚೇರಿಗೆ ಬರೆಯೋದು ಬೇಡ ಸಾರ್."

ಮುಕೀಬಿಯೂ ಒಬ್ಬರ ಅಳಿಯನೇ ತಾನೇ. "ಇದನ್ನೇನು ಕಚೇರಿಗೆ ಬರೆಯೋದು? ಒಬುಕೊಗೆಲ್ಲ ಸರ್ಕಾರದಲ್ಲಿ ಫೈಲ್ ಇಲ್ಲ" ಎಂದರು. ಆಮೇಲೆ ದನಿ ಏರಿಸಿ, "ಆದ್ರೆ ನಿನಗೆ ಮಾನ ಇದೆಯೇನೋ? ಹೆತ್ತಮ್ಮನಂಥವರಿಗೆ ಇಂಥದ್ದು ತಂದಿಟ್ಟು ಪಾಸಾದ್ಯಾ?" ಎಂದು ಎಲ್ಲರೆದುರು ಚೆನ್ನಾಗಿ ಉಗಿದರು. ಕಯೊಂಡೊ ತಲೆ ತಗ್ಗಿಸಿ ಅಷ್ಟನ್ನೂ ಉಗಿಸಿಕೊಂಡ. ಕಿಟಕಿಯ ಬಳಿ ನಕಿಮೇರಾ ನಡುಗುವ ಕೈಯಿಂದಲೇ ಬಾಯಿ ಮುಚ್ಚಿಕೊಂಡಿದ್ದರು.

ಸಂಜೆಯಾಗುವಷ್ಟರಲ್ಲಿ ಸುದ್ದಿ ಮಸಾಕಾ ತಲುಪಿತ್ತು. ಮೊದಲು ನಬ್ಬೋಸಾ ಫೋನು ಮಾಡಿದಳು. ಅಳು ಬಿಟ್ಟರೆ ಮಾತಿಲ್ಲ. ಆಮೇಲೆ ಅವಳ ಸೋದರತ್ತೆ, ಮದುವೆಗೆ ಮುಂದೆ ನಿಂತ ಹಿರಿಯಳು, ಫೋನು ಕಿತ್ತುಕೊಂಡಳು.

"ಲೋ ಬೋಡಾದವನೇ, ನಮ್ಮ ಅತ್ತಿಗೆ ಕೈ ಹಾಳಾಯ್ತಲ್ಲೋ! ಯಾರಿಂದ ಅಂತ ನಿನ್ನ ಬಾಯಿಂದ್ಲೇ ಕೇಳ್ಬೇಕು. ಹೇಳು!"

ಪಕ್ಕದ ತರಗತಿಯಲ್ಲಿ ನಕಿಮೇರಾ, ಮನೆಗೆ ಹೋಗದೆ ಉಳಿದ ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಿದ್ದರು.

"ನನ್ನಿಂದ," ಎಂದ ಕಯೊಂಡೊ.