ಸರ್ವಿಸ್‌ಗೆ ಮಾತ್ರ ಇಳಿಯುತ್ತಿದ್ದವರು

ಎದುರುಮನೆ ಮಾವನ ಒಂದು ಮಂಡಿ ಮಡಚುತ್ತಿರಲಿಲ್ಲ. ಎಡಗಾಲಿನದು ಎಂದು ನನ್ನ ನೆನಪು. ಅಮ್ಮ ಬಲಗಾಲು ಅನ್ನುತ್ತಾಳೆ. ವರ್ಷಗಟ್ಟಲೆ ದಿನವೂ ನೋಡಿದ ಕಾಲಿನ ವಿಷಯದಲ್ಲೇ ಹೀಗಾದರೆ, ಉಳಿದದ್ದರಲ್ಲಿ ನಾನೇ ಸೇರಿಸಿಕೊಂಡದ್ದು ಎಷ್ಟಿದೆಯೋ ಗೊತ್ತಿಲ್ಲ. ಆದರೆ ಆ ನಡಿಗೆಯ ಬಗ್ಗೆ ನನಗೆ ಅನುಮಾನವಿಲ್ಲ. ಮಡಚದ ಕಾಲನ್ನು ಸ್ವಲ್ಪ ಹೊರಕ್ಕೆ ಬೀಸಿ ಊರುವುದು, ಇನ್ನೊಂದನ್ನು ಅದರ ಪಕ್ಕಕ್ಕೆ ತರುವುದು, ಹೀಗೆ ವಾಲಿಬಾಲ್ ಕೋರ್ಟಿನ ಹಿಂದಿನ ಗೆರೆಯವರೆಗೆ ಒಂದಿಷ್ಟೂ ಅವಸರವಿಲ್ಲದೆ ಹೋಗುವುದು.

ನಮ್ಮೂರು ಜಂಗಮಕೋಟೆಯ ತಂಡದಲ್ಲಿ ಅವರು ಸರ್ವಿಸ್ ಮಾಡಲೆಂದೇ ಇದ್ದವರು. ಓಡಲು, ಜಿಗಿಯಲು, ಬಾಗಲು ಆಗದು. ನಿಂತಲ್ಲಿಂದ ಚೆಂಡು ಹೊಡೆಯಬಲ್ಲರು, ಅಷ್ಟೆ. ಆಗ ಅಪ್ಪ ಕ್ಯಾಪ್ಟನ್. ಪಂದ್ಯ ಬಿಗಿಯಾದಾಗ ಒಬ್ಬನನ್ನು ಹೊರಗೆ ಕರೆದು ಇವರನ್ನು ಒಳಗೆ ಕಳಿಸುತ್ತಿದ್ದ. ಸರ್ವಿಸ್ ಎದುರಾಳಿಗಳ ಪಾಲಾದ ಕೂಡಲೇ ಮಾವ ಹೊರಗೆ ಬರಬೇಕು. ಒಂದು ಸೆಟ್‌ನಲ್ಲಿ ಒಂದೇ ಸಲ ಹಾಗೆ ಇಳಿಯಬಹುದಿತ್ತು. ಆ ಒಂದು ಸಲಕ್ಕಾಗಿ ಇಡೀ ಪಂದ್ಯ ನಿಂತೇ ಇರುತ್ತಿದ್ದರು. ಕೂತ್ಕೊಳ್ಳಿ ಮಾವ ಎಂದರೆ, "ಕೂತರೆ ನಾನು ಏಳೋವರೆಗೂ ರೆಫರಿ ಕಾಯ್ತಾನೇನಮ್ಮ?" ಅನ್ನುತ್ತಿದ್ದರು.

ನಿಂತವರು ಸುಮ್ಮನೆ ನಿಲ್ಲುತ್ತಿರಲಿಲ್ಲ. ಅವರದು ರೇಷ್ಮೆ ಹುಳ ಸಾಕುವ ಮನೆ. ಸಾವಿರಾರು ಹುಳುಗಳ ನಡುವೆ ಸೊಪ್ಪು ಬಿಟ್ಟು ಸುಮ್ಮನೆ ಬಿದ್ದಿರುವ ರೋಗದ ಹುಳವೊಂದನ್ನು ದೂರದಿಂದಲೇ ಗುರುತಿಸಿ ಎತ್ತಿ ಹಾಕುತ್ತಿದ್ದ ಕಣ್ಣು ಅದು. ಎದುರಿನ ತಂಡವನ್ನೂ ಹಾಗೆಯೇ ನೋಡುತ್ತಿದ್ದರು. "ಅಗೋ, ಆ ಹಳದಿ ಬನೀನು. ಬಾಲ್ ಬಂದಾಗ ಪಕ್ಕದವನ ಮುಖ ನೋಡ್ತಾನೆ. ಅವರಿಬ್ಬರ ಮಧ್ಯೆ ಹಾಕಿದ್ರೆ ನೀನು ತಗೋ ನೀನು ತಗೋ ಅಂತ ಇಬ್ರೂ ಬಿಡ್ತಾರೆ, ನೋಡ್ತಿರು."

ನಾನು ನೋಡಿದ ದೊಡ್ಡ ಪಂದ್ಯ ಚಿಂತಾಮಣಿಯಲ್ಲಿ, ಅಲ್ಲಿಯ ತಂಡದ ಮೇಲೆ ನಡೆದ ಫೈನಲ್. ನಾನಾಗ ಏಳನೇ ಕ್ಲಾಸು. ಆ ದಿನದ ನನ್ನ ಡೈರಿಯಲ್ಲಿ ಇರುವುದು ಎರಡೇ ಮಾತು: "ಗೆದ್ದೆವು. ಐಸ್‌ಕ್ರೀಮ್." ಹಾಗಾಗಿ ಮುಂದಿನದನ್ನು ನೆನಪಿನಿಂದಲೇ ಬರೆಯಬೇಕು. ಕೊನೆಯ ಸೆಟ್‌ನಲ್ಲಿ ನಮ್ಮವರು ಹಿಂದಿದ್ದರು. ಅಪ್ಪ ಮಾವನ ಕಡೆ ತಿರುಗಿ ತಲೆಯಾಡಿಸಿದ. ಮಾವ ಆ ನಡಿಗೆಯಲ್ಲಿ ಹೊರಟದ್ದನ್ನು ನೋಡಿ ಎದುರಿನ ತಂಡದವನೊಬ್ಬ ಕೂಗಿದ, "ಏಮಣ್ಣಾ, ಸರ್ವಿಸ್‌ಗೊಂದು ಆಳು ಇಟ್ಟಿದ್ದೀರಾ? ಹಂಗೇ ಗ್ರೌಂಡ್ ಗುಡಿಸೋಕೂ ಒಂದು ಆಳು ಇಡ್ರಿ!" ಜನ ನಕ್ಕರು. ಮಾವನೂ ನಕ್ಕರು. "ಅದೂ ನಾನೇ ಕಣಪ್ಪಾ. ಮೊದಲು ಇದು ಮುಗೀಲಿ, ಆಮೇಲೆ ಗುಡಿಸಿಕೊಟ್ಟು ಹೋಗ್ತೀನಿ."

ಚಿಟಿಕೆ ಮಣ್ಣು ತೂರಿ ಗಾಳಿ ನೋಡಿದರು. ಅವರು ಹೊಡೆದ ಚೆಂಡು ತಿರುಗುತ್ತಿರಲಿಲ್ಲ. ನೆಟ್ಟಗೆ ಬಂದು, ನೆಟ್ ದಾಟಿದ ಮೇಲೆ ಎತ್ತ ಹೋಗಲಿ ಎಂದು ಅನುಮಾನಿಸಿದಂತೆ ನಡುಗಿ, ಧೊಪ್ಪನೆ ಇಳಿಯುತ್ತಿತ್ತು. ಮೊದಲನೆಯದು ಇಬ್ಬರ ಮಧ್ಯೆ ಬಿತ್ತು. ಎರಡನೆಯದು ಗುಡಿಸುವ ಮಾತಾಡಿದವನ ಮುಂಗೈಗೆ ಬಡಿದು ಜನರ ನಡುವೆ ಹೋಯಿತು. ಒಟ್ಟು ಆರು ಪಾಯಿಂಟ್ ಎಂದು ನನ್ನ ನೆನಪು; ನಾಲ್ಕು ಎಂದು ಅಪ್ಪ. ನಾಲ್ಕೇ ಇರಲಿ, ಅಷ್ಟರಲ್ಲಿ ಪಂದ್ಯ ಮುಗಿದಿತ್ತು. ಅಪ್ಪನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಮಾವ ನಿಜವಾಗಿಯೂ ಯಾರಲ್ಲೋ ಪೊರಕೆ ಕೇಳುತ್ತಿದ್ದರು, ನಗುತ್ತಾ.

ಆಮೇಲೆ ನನಗೂ ಸರ್ವಿಸ್ ಕಲಿಸಿದವರು ಅವರೇ. ಹುಳುಗಳಿಗೆ ಸೊಪ್ಪು ಹಾಕಿ, ಮುಂದಿನ ಸಲ ಹಾಕುವವರೆಗಿನ ಬಿಡುವಿನಲ್ಲಿ, ಅವರ ಮನೆಯ ಹಿತ್ತಲ ಗೋಡೆಗೆ ಚೆಂಡು ಹೊಡೆಸಿ. "ನನ್ನ ಬಾಲ್ ವಾಪಸ್ ಬಂದ್ರೆ ನಾನು ಬರೀ ಕಂಬ ಕಣಮ್ಮ, ಬಗ್ಗಿ ಎತ್ತೋಕಾಗಲ್ಲ. ಅದಕ್ಕೇ ವಾಪಸ್ ಬರದ ಹಂಗೆ ಹೊಡೆಯೋದು ಕಲ್ತೆ." ಮುಂದೆ ಯೂನಿವರ್ಸಿಟಿ ತಂಡದಲ್ಲಿ ನನ್ನನ್ನೂ ಬೆಂಚಿನಲ್ಲಿ ಕೂರಿಸಿ ಸರ್ವಿಸ್‌ಗೆ ಮಾತ್ರ ಇಳಿಸಿದಾಗ ಅಳು ಬಂದು ಅವರಿಗೇ ಫೋನ್ ಮಾಡಿದ್ದೆ. "ಉಳಿದೋರ ಕೈಲಾಗದಿದ್ದಾಗ ತಾನೇ ನಿನ್ನ ಕರೆಯೋದು? ಅದಕ್ಕೆ ಯಾರಾದ್ರೂ ಅಳ್ತಾರೇನೇ, ಹುಚ್ಚಿ?" ಎಂದಿದ್ದರು. ಅಂದಿನಿಂದ ಬೆಂಚಿನಲ್ಲಿ ಕೂರುವುದು ನನಗೆ ಅವಮಾನ ಅನ್ನಿಸಿಲ್ಲ. ಆಟದಲ್ಲಿ ಮಾತ್ರವಲ್ಲ, ಕೆಲಸಕ್ಕೆ ಸೇರಿದ ಮೇಲೂ.

ಎರಡು ವರ್ಷದ ಹಿಂದೆ ಊರಿನ ಯುವಕರು ಸ್ಕೂಲ್ ಗ್ರೌಂಡಿನ ಗೋಡೆಯ ಮೇಲೆ ಹಳೆಯ ಆಟಗಾರರ ಹೆಸರು ಬರೆಸಲು ಹೊರಟರು. ಹೆಸರು ಆರಿಸಲು ಐದು ಜನರ ಕಮಿಟಿ, ಅಪ್ಪ ಅದರಲ್ಲೊಬ್ಬ. ಗೋಡೆಯಲ್ಲಿ ಮಾವನ ಹೆಸರು ಬರಲಿಲ್ಲ. ಒಂದಾದರೂ ಸೆಟ್ ಪೂರ್ತಿ ಆಡಿರಬೇಕು ಎಂದು ನಿಯಮ ಮಾಡಿಕೊಂಡಿದ್ದರಂತೆ. "ಎರಡು ನಿಮಿಷ ಬಂದು ಹೋದೋರನ್ನೆಲ್ಲ ಬರೆಸಿದ್ರೆ ನೀರು ಕೊಟ್ಟೋರ ಹೆಸರೂ ಬರೆಸ್ಬೇಕಾಗ್ತದೆ" ಎಂದು ಕಮಿಟಿಯ ಒಬ್ಬರು ನನ್ನೆದುರೇ ಹೇಳಿದರು.

ನನ್ನ ಸಿಟ್ಟು ಎಷ್ಟು ನ್ಯಾಯದ್ದು ಎಂದು ಆಗಲೂ ಕೇಳಿಕೊಂಡೆ, ಈಗಲೂ ಕೇಳಿಕೊಳ್ಳುತ್ತೇನೆ. ಪೂರ್ತಿ ಆಡಿದವರು ಮೈ ಸವೆಸಿದವರು. ಸ್ಮ್ಯಾಶ್ ಹೊಡೆದೂ ಹೊಡೆದೂ ಅಪ್ಪನ ಭುಜ ಹೋಗಿದೆ. ಇವತ್ತಿಗೂ ಅಂಗಿ ತೊಡಲು ಅಮ್ಮ ಬೇಕು. ಅವರೆಲ್ಲರ ಹೆಸರು ಇರಲೇಬೇಕು. ಆದರೆ ಊರೆಲ್ಲ ನೋಡುತ್ತಿರುವಾಗ, ಒಂದೇ ಸಲ ಸಿಗುವ ಅವಕಾಶಕ್ಕೆ ನಡೆದು ಹೋಗುವುದು ಆಟವಲ್ಲದಿದ್ದರೆ ಇನ್ನೇನು? ಆ ಫೈನಲ್ಲಿನ ಷೀಲ್ಡ್ ಊರಿಗೆ ಬಂದದ್ದು ಆ ಎರಡು ನಿಮಿಷದಿಂದಲೇ.

ಗೋಡೆಯ ಪರದೆ ಸರಿಸಿದ ದಿನ ಮಾವ ಬಂದಿದ್ದರು. ಮೇಲಿನಿಂದ ಕೆಳಗಿನವರೆಗೆ ಓದಿದರು. ನಿಧಾನವಾಗಿ ಇನ್ನೊಂದು ಸಲ ಓದಿದರು. "ಅಕ್ಷರ ಚೆನ್ನಾಗಿ ಬರೆದಿದ್ದಾನೆ ಕಣಪ್ಪಾ" ಎಂದು ಅಪ್ಪನಿಗೆ ಹೇಳಿ, ಸೊಪ್ಪು ಕೊಯ್ಯಬೇಕೆಂದು ಹೊರಟುಹೋದರು. ಅವರು ಹಳೆಯ ಕ್ಯಾನ್ವಾಸ್ ಬೂಟಿಗೆ ಹೊಸದಾಗಿ ಬಿಳಿ ಹಚ್ಚಿಕೊಂಡು ಬಂದಿದ್ದರೆಂದು ನನ್ನ ನೆನಪು. ಇದು ನನ್ನ ಕಲ್ಪನೆಯಾಗಿರಲಿ ಎಂದು ಬಯಸಿ ಅವರ ಹೆಂಡತಿಯನ್ನೇ ಕೇಳಿದೆ. "ಇಲ್ಲಮ್ಮ, ಹಚ್ಚಿಕೊಂಡಿದ್ರು" ಎಂದರು ಅತ್ತೆ. "ಹಿಂದಿನ ದಿನವೇ ಹಚ್ಚಿ ಬಿಸಿಲಲ್ಲಿ ಇಟ್ಟಿದ್ರು. ಹೆಸರು ಕರೆದಾಗ ಮುಂದಕ್ಕೆ ಹೋಗ್ಬೇಕಾಗ್ತದಲ್ಲ ಅಂದ್ರು."

ಕಳೆದ ವರ್ಷ ಅವರು ತೀರಿಕೊಂಡರು. ಮೂರು ದಿನದ ಜ್ವರ, ಅಷ್ಟೇ. ತಿಥಿಯ ದಿನ, ನೀರು ಕೊಟ್ಟವರ ಮಾತಾಡಿದ್ದ ಅದೇ ಹಿರಿಯರು ನನ್ನ ಪಕ್ಕ ಕೂತು, "ನಾವು ತಪ್ಪು ಮಾಡಿದ್ವಿ ಕಣಮ್ಮ" ಎಂದರು. ಕಮಿಟಿಯಲ್ಲಿ ಇಬ್ಬರು ಮಾವನ ಹೆಸರು ಬೇಕು ಅಂದಿದ್ದರಂತೆ, ಮೂವರು ಬೇಡ ಅಂದಿದ್ದರಂತೆ. ಯಾರು ಯಾರೆಂದು ಅವರು ಹೇಳಲಿಲ್ಲ.

ಅವತ್ತು ಸಂಜೆ ಮನೆಗೆ ಬಂದು ಅಪ್ಪನ ಎದುರು ಕೂತೆ. ಟಿವಿಯ ಸದ್ದು ಕಡಿಮೆ ಮಾಡಿ, "ಅಪ್ಪಾ, ಆ ಮೂವರಲ್ಲಿ ನೀನೂ ಇದ್ದೆಯಾ?" ಎಂದು ಕೇಳಿದೆ.

ಅಪ್ಪ ಇನ್ನೂ ಹೇಳಿಲ್ಲ.